ಮೊಣಕೈಯ ಮಡಿಕೆ

ಟೊಲಿಡೊ ಊರಿನ ಡಾರ್ ಬೀದಿಯಲ್ಲಿ
ಮೊದಲು ಬೂಟಿನ ಅಂಗಡಿ ಇದ್ದ ಜಾಗದಲ್ಲಿ
ಈಗ ಪ್ಲಾಸ್ಮಾ ಕೊಳ್ಳುತ್ತಾರೆ.
ಮಂಗಳವಾರ, ಗುರುವಾರ. ವಾರಕ್ಕೆ ಎರಡೇ ಸಲ;
ಮೂರನೆಯ ಸಲ ಹೋದರೆ ಕಂಪ್ಯೂಟರು ಗುರುತು ಹಿಡಿಯುತ್ತದೆ.
ಮೊದಲ ಬಾಟಲಿಗೆ ನಲವತ್ತು ಡಾಲರು, ಎರಡನೆಯದಕ್ಕೆ ಅರವತ್ತು.
ದುಡ್ಡು ಕೈಗೆ ಕೊಡುವುದಿಲ್ಲ, ಕಾರ್ಡಿಗೆ ಬೀಳುತ್ತದೆ,
ಬಿದ್ದ ಸದ್ದೂ ಕೇಳುವುದಿಲ್ಲ.

ಔಷಧಶಾಸ್ತ್ರದ ಪುಸ್ತಕ ಇನ್ನೂರ ಹನ್ನೆರಡು:
ಅಂದರೆ ನಾಲ್ಕು ಬಾಟಲಿ ನಾನು, ಮೇಲೊಂದು ಗುಟುಕು.
ಸ್ಟೆತಸ್ಕೋಪಿಗೆ ಎರಡು ಬಾಟಲಿ.
ಪರೀಕ್ಷೆಗೆ ಓದಿದ್ದೂ ಅಲ್ಲಿಯೇ, ಒರಗು ಕುರ್ಚಿಯಲ್ಲಿ,
ಬಲಗೈಯಲ್ಲಿ ಪುಟ ತಿರುವುತ್ತ
ಎಡಗೈ ಮುಷ್ಟಿ ಬಿಗಿ, ಬಿಡು, ಬಿಗಿ, ಬಿಡು.
ಪಕ್ಕದ ಕುರ್ಚಿಯ ಲಾರಿ ಡ್ರೈವರ್ ಕೇಳಿದ,
"ಏನು ಓದ್ತಿದ್ದೀಯ ಅಷ್ಟೊಂದು?"
"ರಕ್ತದಲ್ಲಿ ಏನೇನಿರುತ್ತೆ ಅಂತ."
ಅವನು ನಕ್ಕ ನಗುವಿಗೆ ಅವನ ಯಂತ್ರ ಕೂಗಿಕೊಂಡಿತು.

ಉಳಿದದ್ದಕ್ಕೆ ಸಾಲ.
ನಲವತ್ತೊಂದು ಸಾವಿರ, ಚಿಲ್ಲರೆ.
ಆ ಚಿಲ್ಲರೆಯೇ ನನ್ನ ತಿಂಗಳ ಬಾಡಿಗೆ.
ಜಾಮೀನು ನಿಂತವಳು ಲವರ್ನ್ ಚಿಕ್ಕಮ್ಮ,
ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು.
ಕಾಗದ ಪೂರ್ತಿ ಓದಿದಳು, ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಾಡಿಸುತ್ತ,
ಹನ್ನೊಂದು ಪುಟ.
ನಾನೇ ಓದಿರಲಿಲ್ಲ.
ಕೊನೆಗೆ ಕನ್ನಡಕ ತೆಗೆದು ಹೇಳಿದಳು:
"ನೀನು ಸತ್ತರೂ ನಾನು ಕಟ್ಟಬೇಕಂತೆ, ಒಡೆಸಾ.
ಅದಕ್ಕೇ ರಸ್ತೆ ದಾಟುವಾಗ ಎರಡೂ ಕಡೆ ನೋಡು."
ಆಮೇಲೆ ರುಜು ಹಾಕಿದಳು.

ತರಗತಿಯಲ್ಲಿ ಹನಿಯ ಲೆಕ್ಕ:
ಸಾವಿರ ಮಿಲಿಲೀಟರು, ಎಂಟು ಗಂಟೆ,
ಹದಿನೈದು ಹನಿಗೆ ಒಂದು ಮಿಲಿ. ನಿಮಿಷಕ್ಕೆಷ್ಟು?
ಮೂವತ್ತೊಂದೂ ಕಾಲು.
"ಕಾಲು ಹನಿ ಬಿಟ್ಟುಬಿಡಿ" ಎಂದರು ಶ್ರೀಮತಿ ಕೊವಾಲ್ಚಿಕ್.
ಸಾಲದ ಕಂಪನಿ ಬಿಡುವುದಿಲ್ಲ.
ದಿನಕ್ಕೆ ಏಳು ಡಾಲರು ಎಂಬತ್ತಾರು ಸೆಂಟು ಬಡ್ಡಿ,
ನಾನು ಮಲಗಿದಾಗಲೂ, ಜ್ವರ ಬಂದಾಗಲೂ, ಕ್ರಿಸ್‌ಮಸ್ಸಿಗೂ.
ಪಾಳಿ ಬದಲಿಲ್ಲ, ತೂಕಡಿಕೆಯಿಲ್ಲ;
ನನಗಿಂತ ಒಳ್ಳೆಯ ನರ್ಸು ಅದು.

ಸೂಜಿ ಚುಚ್ಚುವುದನ್ನು ಒಬ್ಬರ ಮೇಲೊಬ್ಬರು ಕಲಿತ ದಿನ
ನನ್ನ ತೋಳು ಮೇಲೆತ್ತಿದೆ. ಮಡಿಕೆಯಲ್ಲಿ ಬಿಳಿಯ ಕಲೆ,
ಬಟಾಣಿಯಷ್ಟು, ಗಟ್ಟಿ.
ಕೊವಾಲ್ಚಿಕ್ ನೋಡಿದರು. ಬೇರೇನೋ ಅಂದುಕೊಂಡಿರಬೇಕು.
"ಡಾರ್ ಬೀದಿ" ಎಂದೆ, ಅಷ್ಟೇ.
"ಬಲಗೈ ಕೊಡು," ಎಂದರು,
"ಅದಕ್ಕೆ ಸ್ವಲ್ಪ ರಜೆ ಇರಲಿ."

ಈಗ ನಾಲ್ಕನೆಯ ಮಹಡಿ, ರಾತ್ರಿ ಪಾಳಿ.
ಹದಿನೇಳನೆಯ ಹಾಸಿಗೆಯ ಹಾಲ್ಟರ್‌ಮನ್,
ಗಾಜಿನ ಕಾರ್ಖಾನೆಯಲ್ಲಿ ದುಡಿದ ಮುದುಕ;
ಅವನ ನರಗಳನ್ನು ಅವನ ಮೈಯೇ ತಿನ್ನುತ್ತಿದೆ.
ಅವನಿಗೊಂದು ಬಾಟಲಿ ತೂಗುಹಾಕುತ್ತೇನೆ,
ಜೋಳದ ಎಣ್ಣೆಯನ್ನು ನೀರಿಗೆ ತೆಳುವು ಮಾಡಿದಂಥ ಬಣ್ಣ.
ಮೊದಲು ಗಾಜನ್ನು ನೋಡುತ್ತಾನೆ,
ಬೆಸುಗೆಯ ಗೆರೆ ಎಲ್ಲಿದೆ ಎಂದು. ಆಮೇಲೆ ಚೀಟಿಯನ್ನು.
"ಸಾವಿರಾರು ದಾನಿಗಳಿಂದ" ಎಂದಿದೆ.
"ಯಾರಮ್ಮ ಇವರೆಲ್ಲ, ಕೊಡೋರು?"

ದಾನಿ.
ನನ್ನ ಹಳೆಯ ಕಾರ್ಡಿನ ಮೇಲೂ ಅದೇ ಪದ ಇತ್ತು.
ಕರ್ಣನಿಗೂ ನನಗೂ ಒಂದೇ ಬಿರುದು ಎಂದು
ಕೇರಳದ ನರ್ಸು ಶೋಶಮ್ಮ ಕತೆ ಹೇಳಿ ನಗಿಸಿದ್ದಳು;
ಕವಚ ಕಿತ್ತುಕೊಟ್ಟವನಿಗೆ ಅರವತ್ತು ಡಾಲರು ಸಿಕ್ಕಿತೇ, ಕೇಳಬೇಕಿತ್ತು.
"ಪುಸ್ತಕ ಬೇಕಾದವರು" ಎಂದೆ ಹಾಲ್ಟರ್‌ಮನ್‌ಗೆ.
ಅವನಿಗೆ ಕಿವಿ ಮಂದ. ಒಳ್ಳೆಯ ಜನ, ಎಂದ.
ಬಾಟಲಿಯ ಬೆಲೆ ನನಗೆ ಗೊತ್ತು. ಹೇಳಲಿಲ್ಲ.
ಅವನಿಗೂ ಬರುತ್ತದೆ ಕಾಗದ, ಎಷ್ಟೋ ಪುಟ.
ಹನಿ ನಿಧಾನಕ್ಕಿಟ್ಟು
ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಕೂತೆ.

ಇನ್ನು ನೂರ ಹನ್ನೆರಡು ಕಂತು.
ಚಿಕ್ಕಮ್ಮನಿಗೆ ಎಪ್ಪತ್ತೊಂದು;
ತಿಂಗಳ ಐದನೆಯ ತಾರೀಕು ಫೋನು ಮಾಡುತ್ತಾಳೆ,
ಕಟ್ಟಿದೆಯಾ ಎನ್ನುವುದಿಲ್ಲ, ಊಟ ಆಯಿತಾ ಎನ್ನುತ್ತಾಳೆ.

ಬೆಳಿಗ್ಗೆ ಏಳೂವರೆ. ಆಸ್ಪತ್ರೆಯ ಎದುರು ಹಿಮ,
ಬಸ್ಸಿಲ್ಲ, ಕಾರಿಲ್ಲ, ನಾಯಿಯೂ ಇಲ್ಲ.
ಆದರೂ ನಿಂತು
ಎರಡೂ ಕಡೆ ನೋಡುತ್ತೇನೆ.